ಕಾನ್ವೆಂಟು ಹೋಟೆಲಾದ ಕಥೆ

ಇಂಗ್ಲಿಷಿನಿಂದ ನಮ್ಮ ಮಾತಿಗೆ ಬಂದು ಸೇರಿಕೊಂಡ ಪದಗಳು ಎಷ್ಟೋ ಇವೆ. ಅವುಗಳಲ್ಲಿ ಎರಡು ಮಾತ್ರ ಮನೆಗೆ ಬಂದ ಸೊಸೆಯರ ಹಾಗೆ ತವರಿನ ರೀತಿನೀತಿಯನ್ನೆಲ್ಲ ಬಿಟ್ಟು ಪೂರ್ತಿ ನಮ್ಮವೇ ಆಗಿಹೋಗಿವೆ. ಒಂದು ‘ಕಾನ್ವೆಂಟು’, ಇನ್ನೊಂದು ‘ಹೋಟೆಲು’. ಕಾನ್ವೆಂಟು ಎಂದರೆ ಮೂಲದಲ್ಲಿ ಕ್ರೈಸ್ತ ಸನ್ಯಾಸಿನಿಯರು ಒಟ್ಟಾಗಿ ವಾಸಿಸುವ ಮಠ. ನಮಗೋ, ಮಕ್ಕಳು ಕತ್ತಿಗೆ ಟೈ ಬಿಗಿದುಕೊಂಡು ಹೋಗಿ ರೈಮ್ಸ್ ಕಲಿತು ಬರುವ ಯಾವ ಶಾಲೆಯಾದರೂ ಕಾನ್ವೆಂಟೇ. ಗಣಪತಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ನಡೆಸುವುದೂ ಕಾನ್ವೆಂಟೇ. ಹಾಗೆಯೇ ಹೋಟೆಲು ಎಂದರೆ ಹೊರದೇಶದವರಿಗೆ ರಾತ್ರಿ ತಂಗುವ ಜಾಗ. ನಮಗೆ ಅದು ಇಡ್ಲಿ, ವಡೆ, ಕಾಫಿ ಸಿಗುವ ಜಾಗ. ತಂಗುವುದಕ್ಕೆ ನಮ್ಮಲ್ಲಿ ‘ಲಾಡ್ಜು’ ಎಂಬ ಬೇರೆಯೇ ಪದವಿದೆ.

ಈ ಎರಡು ಪದಗಳೂ ಒಂದೇ ಆವರಣದಲ್ಲಿ ಸಂಧಿಸಿದ ಜಾಗವೊಂದಿದೆ. ಅದು ಸಿಂಗಪುರದ ನಡುಪೇಟೆಯಲ್ಲಿ, ವಿಕ್ಟೋರಿಯಾ ಸ್ಟ್ರೀಟು ಮತ್ತು ಬ್ರಾಸ್ ಬಾಸಾ ರಸ್ತೆ ಸೇರುವ ಮೂಲೆಯಲ್ಲಿದೆ. ಹೆಸರು ‘ಚೈಮ್ಸ್’. ಅಲ್ಲಿ ನೂರಿಪ್ಪತ್ತೊಂಬತ್ತು ವರ್ಷ ಹೆಣ್ಣುಮಕ್ಕಳ ವಸತಿ ಶಾಲೆಯೊಂದು ನಡೆಯಿತು. ಜೊತೆಗೇ ಒಂದು ಅನಾಥಾಲಯವೂ ಇತ್ತು. ಶಾಲೆಯ ಹೆಸರು ‘ಕಾನ್ವೆಂಟ್ ಆಫ್ ದಿ ಹೋಲಿ ಇನ್‌ಫೆಂಟ್ ಜೀಸಸ್’, ಬಾಲಯೇಸುವಿನ ಕಾನ್ವೆಂಟು. ಈ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ, ತುದಿಗೆ ಒಂದಿಷ್ಟು ಬಾಲ ಹಚ್ಚಿ ‘ಚೈಮ್ಸ್’ ಎಂದು ಮಾಡಿದ್ದಾರೆ. ಆ ಇಂಗ್ಲಿಷ್ ಮಾತಿಗೆ ಗಂಟೆಗಳ ನಾದ ಎಂದು ಅರ್ಥ. ಗಂಟೆ ಹೊಡೆದಾಗ ಏಳುತ್ತಿದ್ದ, ಗಂಟೆ ಹೊಡೆದಾಗ ಉಣ್ಣುತ್ತಿದ್ದ, ಗಂಟೆ ಹೊಡೆದಾಗ ದೀಪ ಆರಿಸಿ ಮಲಗುತ್ತಿದ್ದ ಹುಡುಗಿಯರ ಮನೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ವ್ಯಾಪಾರಿಯೂ ಹುಡುಕಲಾರ. ಈಗ ಅಲ್ಲಿರುವುದು ನಮ್ಮ ಅರ್ಥದ ಹೋಟೆಲುಗಳು. ಒಂದಲ್ಲ, ಸಾಲು ಸಾಲು. ಇಟಲಿಯ ಊಟ, ಜಪಾನಿನ ಊಟ, ಬಿಯರು ಕುಡಿಯುವ ಅಂಗಳ, ಮದುವೆಗೆ ಬಾಡಿಗೆ ಕೊಡುವ ದೊಡ್ಡ ಹಾಲು.

ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ಸಿಂಗಪುರ ಬ್ರಿಟಿಷರ ರೇವುಪಟ್ಟಣ. ಚೀನೀಯರು, ಮಲಯರು, ತಮಿಳರು, ಯುರೋಪಿನವರು ಎಲ್ಲರೂ ದುಡಿಮೆಗೆಂದು ಬಂದು ಸೇರಿದ್ದ ಊರು. ಬಂದವರಲ್ಲಿ ಗಂಡಸರೇ ಹೆಚ್ಚು. ಅಂಥ ಊರಿನಲ್ಲಿ ಹೆಣ್ಣುಮಗುವಿನ ಬೆಲೆ ಏನಿರುತ್ತದೆ ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಫಾದರ್ ಜಾನ್ ಮರಿ ಬುರೆಲ್ ಎಂಬ ಫ್ರೆಂಚ್ ಪಾದ್ರಿಯೊಬ್ಬರಿದ್ದರು. ಅವರ ತಲೆಯಲ್ಲಿ ಎರಡು ಶಾಲೆಗಳ ಕನಸಿತ್ತು. ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು. ಗಂಡುಮಕ್ಕಳದು ಮೊದಲು ಆಯಿತು. 1852ರಲ್ಲಿ ಬ್ರಾಸ್ ಬಾಸಾ ರಸ್ತೆಯಲ್ಲಿ ಸೇಂಟ್ ಜೋಸೆಫ್ಸ್ ಶಾಲೆ ಶುರುವಾಯಿತು. ಅದೇ ವರ್ಷ ಹೆಣ್ಣುಮಕ್ಕಳ ಶಾಲೆಗೆಂದು ಬುರೆಲ್ ಅವರು ಹತ್ತಿರದಲ್ಲೇ ಒಂದು ಬಂಗಲೆಯನ್ನು ಸ್ವಂತ ಹಣದಿಂದ ಕೊಂಡರು. ಅದಕ್ಕೆ ಕಾಲ್ಡ್‌ವೆಲ್ ಹೌಸ್ ಎಂದು ಹೆಸರು. ಸಿಂಗಪುರದ ಎಷ್ಟೋ ಹಳೆಯ ಕಟ್ಟಡಗಳಿಗೆ ನಕ್ಷೆ ಬರೆದ ಕೋಲ್ಮನ್ ಎಂಬ ಐರಿಷ್ ಶಿಲ್ಪಿ 1840ರ ಸುಮಾರಿನಲ್ಲಿ ಒಬ್ಬ ಸರ್ಕಾರಿ ಗುಮಾಸ್ತನಿಗಾಗಿ ಕಟ್ಟಿಕೊಟ್ಟ ಮನೆ ಅದು. ಮುಂಭಾಗ ಅರ್ಧಚಂದ್ರಾಕಾರವಾಗಿ ಹೊರಗೆ ಬಾಗಿದೆ. ಇಂದಿಗೂ ಹಾಗೆಯೇ ನಿಂತಿದೆ.

ಮನೆ ಸಿಕ್ಕಿತು, ಕಲಿಸುವವರು ಬೇಕಲ್ಲ. 1854ರ ಫೆಬ್ರವರಿ 5ರಂದು ನಾಲ್ವರು ಸನ್ಯಾಸಿನಿಯರು ಸಿಂಗಪುರದ ಬಂದರಿನಲ್ಲಿ ಇಳಿದರು. ಅವರ ಹಿರಿಯಳು ಮದರ್ ಮೆಟಿಲ್ಡ್ ರಾಕ್ಲೊ, ಫ್ರಾನ್ಸಿನ ಹೆಣ್ಣುಮಗಳು. ಆಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಹದಿನೈದು ವರ್ಷವಿತ್ತು. ಅಷ್ಟು ದೂರ ಹೊರಟ ಹೆಂಗಸರು ತವರಿನವರಿಗೆ ಹೇಳುವ ‘ಹೋಗಿ ಬರುತ್ತೇನೆ’ ಎಂಬ ಮಾತಿನಲ್ಲಿ ‘ಬರುತ್ತೇನೆ’ ಎನ್ನುವುದು ಬಾಯುಪಚಾರ ಮಾತ್ರ. ಬಂದವರು ವಿಶ್ರಾಂತಿ ಎಂದು ಕೂರಲಿಲ್ಲ. ಹತ್ತು ದಿನದೊಳಗೆ ಆ ಬಂಗಲೆಯಲ್ಲಿ ಎರಡು ತರಗತಿಗಳು ಶುರುವಾದವು. ಒಂದು, ಫೀಸು ಕೊಡಬಲ್ಲವರ ಮಕ್ಕಳಿಗೆ. ಇನ್ನೊಂದು, ಅನಾಥರಿಗೆ ಮತ್ತು ಗತಿಯಿಲ್ಲದವರಿಗೆ.

ಈ ‘ಎರಡು ತರಗತಿ’ ಎಂಬ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರಲ್ಲೇ ಇದೆ. ಒಂದೇ ಸೂರು, ಒಂದೇ ಗಂಟೆ, ಒಂದೇ ಪ್ರಾರ್ಥನೆ. ಆದರೆ ಒಳಗೆ ಎರಡು ಲೋಕ. ಫೀಸು ಕೊಡುವ ಹುಡುಗಿಗೆ ರಜೆ ಬಂದರೆ ಟ್ರಂಕು ಹಿಡಿದು ಕರೆದೊಯ್ಯಲು ಯಾರಾದರೂ ಬರುತ್ತಿದ್ದರು. ಇನ್ನೊಂದು ತರಗತಿಯ ಹುಡುಗಿಗೆ ಆ ಬಂಗಲೆಯೇ ರಜೆ, ಅದೇ ಮನೆ, ಅದೇ ತವರು. ಫೀಸಿನ ಹಣ ಸಾಲದೆ ಹೊಲಿಗೆ, ಕಸೂತಿ, ಲೇಸಿನ ಕೆಲಸ ಮಾರಿ ಅನಾಥಾಲಯದ ಖರ್ಚನ್ನು ತೂಗಿಸಬೇಕಾಗುತ್ತಿತ್ತು. ಕಾಲ್ಡ್‌ವೆಲ್ ಹೌಸಿನ ಮಹಡಿಯ ಮೇಲೆ ಆ ಅರ್ಧಚಂದ್ರದ ಕೋಣೆಯಿದೆಯಲ್ಲ, ಅಲ್ಲಿ ಕೂತು ಸಿಸ್ಟರುಗಳು ಹೊಲಿಯುತ್ತಿದ್ದರು, ಓದುತ್ತಿದ್ದರು, ಕಾಗದ ಬರೆಯುತ್ತಿದ್ದರು.

ಆ ಎರಡನೆಯ ತರಗತಿಗೆ ಮಕ್ಕಳು ಬರುತ್ತಿದ್ದುದು ಶಾಲೆಯ ದೊಡ್ಡ ಬಾಗಿಲಿನಿಂದಲ್ಲ. ವಿಕ್ಟೋರಿಯಾ ಸ್ಟ್ರೀಟಿನ ಕಡೆಯ ಕಾಂಪೌಂಡು ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲಿದೆ. ಅದಕ್ಕೆ ‘ಗೇಟ್ ಆಫ್ ಹೋಪ್’, ಭರವಸೆಯ ಬಾಗಿಲು ಎಂಬ ಹೆಸರು ಬಂತು. ಕತ್ತಲೆಯಲ್ಲೋ ಬೆಳಗಿನ ಜಾವದಲ್ಲೋ ಆ ಬಾಗಿಲಿನ ಬಳಿ ಕೂಸುಗಳನ್ನು ಇಟ್ಟು ಹೋಗುತ್ತಿದ್ದರು. ಬುಟ್ಟಿಯಲ್ಲಿ, ಹಳೆಯ ಬಟ್ಟೆಯಲ್ಲಿ, ಕೆಲವೊಮ್ಮೆ ಬರೀ ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟ ಕೂಸುಗಳು. ಹೆಚ್ಚಿನವು ಹೆಣ್ಣು. ಕೆಲವು ಬಡತನದಿಂದ ಬಂದವು, ಕೆಲವು ಕಾಯಿಲೆಯಿಂದ, ಕೆಲವು ಮದುವೆಯಾಗದ ತಾಯಂದಿರಿಂದ. ಇನ್ನು ಕೆಲವು ಬರೇ ಹುಟ್ಟಿದ ವರ್ಷದ ದೆಸೆಯಿಂದ ಬಂದವು. ಚೀನೀ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಹುಲಿಯ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಮನೆಗೆ ಕೇಡು ತರುತ್ತಾಳೆ, ಗಂಡನಿಗೆ ಆಗಿಬರುವುದಿಲ್ಲ ಎಂದು ನಂಬಿದವರಿದ್ದರು. ನಮಗೆ ಇದೇನು ಹೊಸದೇ? ಮೂಲಾ ನಕ್ಷತ್ರದ ಹುಡುಗಿ ಎಂದರೆ ಜಾತಕವನ್ನು ಹಾಗೆಯೇ ಮಡಿಸಿ ಹಿಂದಕ್ಕೆ ಕೊಡುವುದನ್ನು ನಾವೆಲ್ಲ ನೋಡಿದವರೇ. ಅಲ್ಲಿ ಹುಲಿ, ಇಲ್ಲಿ ಮೂಲಾ, ಹೆಸರು ಮಾತ್ರ ಬೇರೆ.

ಬಂದ ಕೂಸುಗಳೆಲ್ಲ ಉಳಿಯುತ್ತಿರಲಿಲ್ಲ. ಬಾಗಿಲಿಗೆ ಬರುವ ಹೊತ್ತಿಗೇ ಎಷ್ಟೋ ಸಣ್ಣ ಜೀವಗಳು ಸೊರಗಿರುತ್ತಿದ್ದವು. ಉಳಿದವಕ್ಕೆ ಸಿಸ್ಟರುಗಳು ಹೆಸರಿಟ್ಟರು, ದೀಕ್ಷಾಸ್ನಾನ ಮಾಡಿಸಿದರು, ಓದು ಮತ್ತು ಹೊಲಿಗೆ ಕಲಿಸಿದರು. ಇದರಲ್ಲಿ ಮತಪ್ರಚಾರದ ಉದ್ದೇಶ ಇರಲಿಲ್ಲವೆಂದು ಯಾರೂ ಹೇಳಲಾರರು. ಅವರು ಬಂದದ್ದೇ ಆ ಉದ್ದೇಶದಿಂದ. ಆದರೆ ನಡುರಾತ್ರಿ ಎದ್ದು ಅಳುವ ಪರರ ಕೂಸಿಗೆ ಹಾಲು ಕುಡಿಸಿದವರು ಯಾರು ಎಂಬ ಪ್ರಶ್ನೆಗೂ ಉತ್ತರ ಅವರೇ. ಎರಡನ್ನೂ ಒಟ್ಟಿಗೆ ಬರೆದಿಡುವುದು ನ್ಯಾಯ. ದೊಡ್ಡವರಾದ ಹುಡುಗಿಯರಲ್ಲಿ ಕೆಲವರು ತಾವೇ ಸನ್ಯಾಸಿನಿಯರಾದರು. ಕೆಲವರಿಗೆ ಮದುವೆಯಾಯಿತು. ಹೆಣ್ಣು ಬೇಕೆಂದು ಬಂದ ಗಂಡಸರನ್ನು ಸಿಸ್ಟರುಗಳೇ ವಿಚಾರಿಸುತ್ತಿದ್ದರು. ಕೆಲಸ ಏನು, ನಡತೆ ಹೇಗೆ, ಸಾಕುವ ಯೋಗ್ಯತೆ ಇದೆಯೇ ಎಂದು. ತಾವು ಎಂದೂ ಮದುವೆಯಾಗದ ಹೆಂಗಸರು ಇಷ್ಟು ಹುಡುಗಿಯರಿಗೆ ಹೆಣ್ಣಿನ ಕಡೆಯವರಾಗಿ ನಿಂತು ಗಂಡು ಪರೀಕ್ಷೆ ಮಾಡಿದ್ದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ.

ಮದರ್ ಮೆಟಿಲ್ಡ್ ಸಿಂಗಪುರದಲ್ಲೇ ಉಳಿಯಲಿಲ್ಲ. 1872ರಲ್ಲಿ, ಐವತ್ತೆಂಟರ ಹತ್ತಿರದ ವಯಸ್ಸಿನಲ್ಲಿ, ಜಪಾನಿನ ಯೊಕೊಹಾಮಕ್ಕೆ ಹೊರಟರು. ಜಪಾನಿನಲ್ಲಿ ಕ್ರೈಸ್ತ ಮತಕ್ಕೆ ಇನ್ನೂ ನಿಷೇಧವಿದ್ದ ಕಾಲ. ಅಲ್ಲಿಯೂ ಶಾಲೆ ಕಟ್ಟಿದರು, ಅನಾಥ ಮಕ್ಕಳನ್ನು ಸಾಕಿದರು. 1911ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮಲ್ಲಿ ಐವತ್ತೆಂಟು ಎಂದರೆ ಪೆನ್ಷನ್ನಿನ ಲೆಕ್ಕ ಹಾಕುವ ವಯಸ್ಸು. ಆ ಹೆಂಗಸು ಆ ವಯಸ್ಸಿನಲ್ಲಿ ಇನ್ನೊಂದು ಭಾಷೆಯ ದೇಶಕ್ಕೆ ಹಡಗು ಹತ್ತಿದರು.

ಸಿಂಗಪುರದ ಶಾಲೆ ಬೆಳೆಯುತ್ತ ಹೋಯಿತು. ಪಕ್ಕದ ಜಾಗಗಳು ಸೇರಿದವು, ಕಟ್ಟಡಗಳು ಎದ್ದವು, ನೆರೆಯ ದೇಶಗಳಿಂದಲೂ ಬೋರ್ಡಿಂಗಿಗೆ ಹುಡುಗಿಯರು ಬಂದರು. ಹೊಸ ಶತಮಾನದ ಆರಂಭದಲ್ಲಿ ಫಾದರ್ ಶಾರ್ಲ್ ನ್ಯಾಂ ಎಂಬ ಪಾದ್ರಿ ಶಾಲೆಗೊಂದು ಚಾಪೆಲ್ಲಿನ ನಕ್ಷೆ ಬರೆದರು. ಪಾದ್ರಿಯಾದರೂ ಕಟ್ಟಡದ ವಿದ್ಯೆ ಬಲ್ಲವರು ಅವರು. 1904ರಲ್ಲಿ ಚಾಪೆಲ್ಲಿನ ಪ್ರತಿಷ್ಠೆಯಾಯಿತು. ಎತ್ತರದ ಗೋಪುರ, ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದಿಂದ ತರಿಸಿದ ಬಣ್ಣದ ಗಾಜಿನ ಕಿಟಕಿಗಳು. ಚಾಪೆಲ್ಲಿನ ಮತ್ತು ಸುತ್ತಲಿನ ಮೊಗಸಾಲೆಯ ಕಂಬಗಳ ತಲೆಯ ಮೇಲೆ ಒಟ್ಟು 648 ಬೋದಿಗೆಗಳಿವೆ. ಒಂದೊಂದರಲ್ಲೂ ಒಂದೊಂದು ಬಗೆಯ ಎಲೆ, ಬಳ್ಳಿ, ಹೂವು, ಹಕ್ಕಿ. ಒಂದರಂತೆ ಇನ್ನೊಂದಿಲ್ಲ. ಅವು ಫ್ರಾನ್ಸಿನ ಹೂಗಳಲ್ಲ, ನಮ್ಮ ಬಿಸಿಲು ನಾಡುಗಳ ಗಿಡಬಳ್ಳಿಗಳು ಎಂಬುದು ನನಗೆ ಹೆಚ್ಚು ಹಿಡಿಸಿದ ವಿಷಯ.

ಆ ಕಂಬಗಳನ್ನು ನಾನು ಕಂಡದ್ದು ತಂಗಿಯ ಮಗಳ ದೆಸೆಯಿಂದ. ಅವಳು ಗಂಡನೊಡನೆ ಸಿಂಗಪುರದಲ್ಲಿದ್ದಾಳೆ. ಒಂದು ಶನಿವಾರ ಸಂಜೆ ಊಟಕ್ಕೆಂದು ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅಂಗಳದ ತುಂಬ ಮೇಜು ಕುರ್ಚಿ, ಮರಗಳಿಗೆ ಸುತ್ತಿದ ಸಣ್ಣ ದೀಪಗಳು, ಎಲ್ಲಿಂದಲೋ ಗಿಟಾರಿನ ಸದ್ದು. ನಾನು ಮೆನು ಕಾರ್ಡನ್ನು ಅವಳ ಕೈಗೇ ಕೊಟ್ಟು ಮೊಗಸಾಲೆಯುದ್ದಕ್ಕೂ ತಲೆಯೆತ್ತಿಕೊಂಡು ನಡೆದೆ. ಅವಳು ಹಿಂದಿನಿಂದ ಬಂದು, “ದೊಡ್ಡಮ್ಮ, ನೀವು ಇಲ್ಲಿ ಊಟ ಮಾಡ್ತೀರೋ, ಕಂಬ ಎಣಿಸ್ತೀರೋ?” ಎಂದಳು. “ಎರಡೂ ಮಾಡ್ತೀನಿ ಕಣೇ, ನೀನು ಮೊದಲು ಸಸ್ಯಾಹಾರ ಏನಿದೆ ಅಂತ ಕೇಳು” ಎಂದೆ. ಅವಳು ಹೋದ ಮೇಲೆ ಒಂದು ಕಂಬಕ್ಕೆ ಕೈಯಿಟ್ಟು ನಿಂತೆ. ನಾನೂ ಆರು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳು. ಸಾಲು ಮಂಚ, ಮಂಚದಡಿ ಟ್ರಂಕು, ಟ್ರಂಕಿನ ಮುಚ್ಚಳದ ಒಳಬದಿಗೆ ಅಂಟಿಸಿಕೊಂಡ ಮನೆಯವರ ಫೋಟೋ, ಭಾನುವಾರ ಬರೆಯುವ ಇನ್‌ಲ್ಯಾಂಡ್ ಕಾಗದ, ಎಲ್ಲವೂ ಗೊತ್ತು. ರಾತ್ರಿ ದೀಪ ಆರಿದ ಮೇಲೆ ಯಾವ ಹಾಸಿಗೆಯಿಂದ ಅಳುವ ಸದ್ದು ಬರುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲೆವು, ನಾವು ಹಾಸ್ಟೆಲಿನವರು. ಈ ಆವರಣದಲ್ಲಿ ಅಂಥ ಎಷ್ಟು ರಾತ್ರಿಗಳು ಕಳೆದಿರಬೇಕು ಎನ್ನಿಸಿತು.

ಆ ರಾತ್ರಿಗಳಲ್ಲಿ ಯುದ್ಧದ ರಾತ್ರಿಗಳೂ ಇದ್ದವು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ಕೈಗೆ ಹೋಯಿತು. ಊರಿನಲ್ಲಿ ಅನ್ನಕ್ಕೆ ತತ್ವಾರ. ಮರುವರ್ಷದ ಕೊನೆಯ ಹೊತ್ತಿಗೆ ಕ್ರೈಸ್ತ ಕುಟುಂಬಗಳನ್ನು ಮಲಯಾದ ಬಹಾವು ಎಂಬ ಕಡೆ ಕಾಡು ಕಡಿದು ಬೇಸಾಯ ಮಾಡಲು ಕಳಿಸತೊಡಗಿದರು. ಕಾನ್ವೆಂಟಿನ ಸಿಸ್ಟರುಗಳೂ ಅನಾಥ ಮಕ್ಕಳೂ ಅಲ್ಲಿಗೆ ಹೋದವರಲ್ಲಿ ಸೇರಿದ್ದರು. ಮಣ್ಣು ಬಡವಾಗಿತ್ತು, ಮಲೇರಿಯಾ ಜೋರಾಗಿತ್ತು. ಹೋದವರಲ್ಲಿ ಬಹಳ ಮಂದಿ ಮರಳಲಿಲ್ಲ. ಕಸೂತಿ ಸೂಜಿ ಹಿಡಿದ ಕೈಗಳು ಗುದ್ದಲಿ ಹಿಡಿದ ಕಾಲ ಅದು. ಯುದ್ಧ ಮುಗಿದ ಮೇಲೆ ಶಾಲೆ ಮತ್ತೆ ತೆರೆಯಿತು. ಬಿಳಿಯ ರವಿಕೆ, ನೀಲಿಯ ಪಿನಾಫೋರು ತೊಟ್ಟ ‘ಕಾನ್ವೆಂಟ್ ಹುಡುಗಿಯರು’ ಸಿಂಗಪುರದ ಬೀದಿಗಳಲ್ಲಿ ಮತ್ತೆ ಕಂಡರು. ಅವರಲ್ಲಿ ಎಷ್ಟೋ ಮಂದಿ ಟೀಚರುಗಳಾದರು, ನರ್ಸುಗಳಾದರು, ಕಚೇರಿಗಳಿಗೆ ಹೋದರು.

ಸ್ವತಂತ್ರವಾದ ಸಿಂಗಪುರ ಬೇಗ ಬೇಗ ಬೆಳೆಯಿತು. ನಡುಪೇಟೆಯ ಜಾಗಕ್ಕೆ ಚಿನ್ನದ ಬೆಲೆ ಬಂತು. ಸರ್ಕಾರ ಶಾಲೆಗಳನ್ನು ಜನ ವಾಸಿಸುವ ಹೊಸ ಬಡಾವಣೆಗಳಿಗೆ ಸಾಗಿಸಿತು. ಕಾನ್ವೆಂಟು ತೋವಾ ಪಾಯೋ ಬಡಾವಣೆಗೆ ಹೋಯಿತು. 1983ರ ನವೆಂಬರ್ 3ರಂದು ಚಾಪೆಲ್ಲಿನಲ್ಲಿ ಕೊನೆಯ ಪೂಜೆ ನಡೆಯಿತು. 1990ರ ಅಕ್ಟೋಬರಿನಲ್ಲಿ ಕಾಲ್ಡ್‌ವೆಲ್ ಹೌಸು ಮತ್ತು ಚಾಪೆಲ್ಲನ್ನು ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸಿದರು. ಎಂದರೆ ಯಾರೂ ಅವನ್ನು ಕೆಡವುವಂತಿಲ್ಲ. ಕೆಡವುವಂತಿಲ್ಲ ಸರಿ, ಆದರೆ ಇಟ್ಟುಕೊಂಡು ಏನು ಮಾಡುವುದು? ಆವರಣವನ್ನು ಖಾಸಗಿಯವರು ವಹಿಸಿಕೊಂಡು ಸುಮಾರು ಹತ್ತು ಕೋಟಿ ಸಿಂಗಪುರ ಡಾಲರು ಸುರಿದರು. ಗೋಡೆಗಳನ್ನು ರಿಪೇರಿ ಮಾಡಿದರು, ಗಾಜುಗಳನ್ನು ತೊಳೆದರು, ಅಂಗಳವನ್ನು ಅಗೆದು ತಗ್ಗಿಸಿ ನೆಲಮಾಳಿಗೆಯಲ್ಲೂ ಅಂಗಡಿ ಮಾಡಿದರು. 1996ರಲ್ಲಿ ‘ಚೈಮ್ಸ್’ ತೆರೆಯಿತು. ಚಾಪೆಲ್ಲು ಮದುವೆ ಮತ್ತು ಸಭೆಗಳ ಹಾಲಾಯಿತು. 2018ರಲ್ಲಿ ಬಂದ ‘ಕ್ರೇಜಿ ರಿಚ್ ಏಷ್ಯನ್ಸ್’ ಎಂಬ ಹಾಲಿವುಡ್ ಚಿತ್ರ ನೋಡಿದವರಿಗೆ ಅದರಲ್ಲಿನ ಅದ್ದೂರಿ ಮದುವೆ ನೆನಪಿರಬಹುದು. ವಧು ನೀರಿನ ಮೇಲೆ ನಡೆದು ಬರುತ್ತಾಳಲ್ಲ, ಅದನ್ನು ತೆಗೆದದ್ದು ಇದೇ ಚಾಪೆಲ್ಲಿನಲ್ಲಿ. ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟ ಹುಡುಗಿಯರು ದಿನವೂ ಮೊಣಕಾಲೂರಿ ಪ್ರಾರ್ಥಿಸಿದ ಜಾಗ ಅದು.

ಪ್ರಾರ್ಥನೆ ಮಾಡಿದ ಜಾಗದಲ್ಲಿ ಮದ್ಯ ಮಾರುವುದೇ ಎಂದು ನೊಂದುಕೊಂಡ ಹಳೆಯ ವಿದ್ಯಾರ್ಥಿನಿಯರು ಇದ್ದರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡಿದ್ದು ಅದಲ್ಲ, ಮರುದಿನ ಅದೇ ಬ್ರಾಸ್ ಬಾಸಾ ರಸ್ತೆಯಲ್ಲಿ ಐದಾರು ನಿಮಿಷ ನಡೆದು ಹೋಗಿ ಕಂಡ ಇನ್ನೊಂದು ಕಟ್ಟಡ.

ಫಾದರ್ ಬುರೆಲ್ ಅವರ ಮೊದಲ ಶಾಲೆ, ಗಂಡುಮಕ್ಕಳ ಸೇಂಟ್ ಜೋಸೆಫ್ಸ್, ನೆನಪಿದೆಯಲ್ಲ? ಅದೂ ಆ ಜಾಗ ಬಿಟ್ಟು 1987ರಲ್ಲಿ ಬೇರೆ ಕಡೆಗೆ ಹೋಯಿತು. ಅದರ ಕಟ್ಟಡವೂ ರಾಷ್ಟ್ರೀಯ ಸ್ಮಾರಕವಾಯಿತು. ಆ ಕಟ್ಟಡದ ಎರಡೂ ಪಕ್ಕದ ಬಾಗಿದ ತೋಳುಗಳಿಗೆ ನಕ್ಷೆ ಬರೆದವರು ಇದೇ ಫಾದರ್ ನ್ಯಾಂ. ಅದಕ್ಕೂ ಹೊಸ ಜನ್ಮ ಬಂದದ್ದು 1996ರಲ್ಲಿಯೇ. ಕಟ್ಟಿಸಿದ ಪಾದ್ರಿ ಒಬ್ಬರೇ, ನಕ್ಷೆಯ ಪಾದ್ರಿ ಒಬ್ಬರೇ, ರಸ್ತೆ ಒಂದೇ, ವರ್ಷ ಒಂದೇ. ಆದರೆ ಗಂಡುಮಕ್ಕಳ ಶಾಲೆ ಸಿಂಗಪುರದ ಕಲಾ ಸಂಗ್ರಹಾಲಯವಾಯಿತು, ಹೆಣ್ಣುಮಕ್ಕಳ ಶಾಲೆ ಊಟದ ಹೋಟೆಲಾಯಿತು. 2019ರಲ್ಲಿ ದುರಸ್ತಿಗೆಂದು ಮುಚ್ಚುವವರೆಗೆ ಅಲ್ಲಿ ದೇಶದ ಶ್ರೇಷ್ಠ ಚಿತ್ರಗಳು ತೂಗುತ್ತಿದ್ದವು. ಅದರ ಮುಂಬಾಗಿಲಿನ ಮೇಲೆ ಗುರುವೊಬ್ಬರು ಇಬ್ಬರು ಗಂಡುಮಕ್ಕಳೊಡನೆ ನಿಂತಿರುವ ಕಂಚಿನ ಪ್ರತಿಮೆ ಇದೆ. 1913ರಲ್ಲಿ ಇಟ್ಟದ್ದು. ಆ ಕಟ್ಟಡದೊಳಗೆ ಏನೇ ನಡೆಯಲಿ, ಇಲ್ಲಿ ಹುಡುಗರು ಓದುತ್ತಿದ್ದರು ಎಂದು ಬೀದಿಯಲ್ಲಿ ಹೋಗುವವರಿಗೆಲ್ಲ ಆ ಪ್ರತಿಮೆ ಸಾರುತ್ತದೆ.

ಯಾರೋ ಕೂತು ಸಂಚು ಮಾಡಿ, ಗಂಡಿಗೆ ಕಲೆ, ಹೆಣ್ಣಿಗೆ ಅಡುಗೆ ಎಂದು ಹಂಚಿದರು ಎಂದು ನಾನು ಹೇಳುತ್ತಿಲ್ಲ. ಟೆಂಡರು, ಜಾಗ, ಲೆಕ್ಕ, ಅವಕ್ಕೆಲ್ಲ ಅವುಗಳದೇ ಕಾರಣಗಳಿರುತ್ತವೆ. ಆದರೂ ಹಂಚಿಕೆ ಹಾಗೆಯೇ ಆಯಿತು ನೋಡಿ! ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಓದು ಮುಗಿಸಿದ ಮಗನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಕೂರುತ್ತದೆ. ಮಗಳದು ಬೀರುವಿನ ಒಳಗೆ ಸೀರೆಗಳ ಅಡಿ ಸೇರುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ತಾನಾಗಿ ಆದದ್ದು. ತಾನಾಗಿ ಆಗುವುದರಲ್ಲೇ ಸಮಾಜದ ಮನಸ್ಸು ಹೆಚ್ಚು ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಹೋಟೆಲಿನ ಪರವಾಗಿಯೂ ಎರಡು ಮಾತು ಹೇಳಬೇಕು. ಹೋಟೆಲು ಬಾರದಿದ್ದರೆ ಆ 648 ಬೋದಿಗೆಗಳ ಧೂಳನ್ನು ಯಾರು ಒರೆಸುತ್ತಿದ್ದರು? ಹಳೆಯ ಕಟ್ಟಡ ಎಂದರೆ ಹಳೆಯ ಅತ್ತೆಯ ಹಾಗೆ. ಗೌರವ ಎಲ್ಲರಿಗೂ ಇರುತ್ತದೆ, ನೋಡಿಕೊಳ್ಳುವ ಖರ್ಚು ಮಾತ್ರ ಯಾರಿಗೂ ಬೇಡ. ಊಟಕ್ಕೆ ಬಂದವರ ಹಣದಿಂದ ಹೆಂಚು ಕೂತಿದೆ, ಗಾಜು ಉಳಿದಿದೆ. ಇನ್ನೊಂದು ವಿಷಯ. ಸಂಗ್ರಹಾಲಯಕ್ಕೆ ಒಮ್ಮೆ ಹೋದವರು ಮತ್ತೆ ಹೋಗುವುದು ಅಪರೂಪ. ಚೈಮ್ಸ್‌ನಲ್ಲಿ ಸಂಜೆಯಾದರೆ ಹೆಂಗಸರ ಗುಂಪುಗಳು ಗಂಡಸರ ಹಂಗಿಲ್ಲದೆ ಬಂದು ಕೂತು, ತಮ್ಮ ದುಡ್ಡಿನಲ್ಲಿ ಉಂಡು, ಗಟ್ಟಿಯಾಗಿ ನಕ್ಕು ಹೋಗುತ್ತವೆ. ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಶಾಲೆ ಕಟ್ಟಿದವರು ಇದನ್ನು ಕಂಡಿದ್ದರೆ ಬಿಯರಿಗೆ ಮುಖ ಸಿಂಡರಿಸುತ್ತಿದ್ದರೇನೋ. ಆ ನಗೆಗೆ ಸಿಂಡರಿಸುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಮತ್ತು ಶಾಲೆ ಸತ್ತಿಲ್ಲ. ಅದು ಕಟ್ಟಡವನ್ನು ಬಿಟ್ಟು ಹೋಯಿತು, ಅಷ್ಟೆ. ತೋವಾ ಪಾಯೋದಲ್ಲಿ ಇಂದಿಗೂ ನೀಲಿ ಪಿನಾಫೋರಿನ ಹುಡುಗಿಯರು ಓದುತ್ತಿದ್ದಾರೆ. ಆ ನಾಲ್ವರು ಹೆಂಗಸರು ಎರಡು ತರಗತಿಗಳಿಂದ ಶುರುಮಾಡಿದ್ದು ಇಂದು ಸಿಂಗಪುರದಲ್ಲಿ 11 ಶಾಲೆಗಳ ಕುಟುಂಬ. ಆ ಮೊದಲನೆಯ ತರಗತಿಯ, ಅಂದರೆ ಫೀಸು ಕೊಟ್ಟು ಓದಿದ ಹುಡುಗಿಯರ ನೆನಪಿಗೆ ಕೊರತೆಯಿಲ್ಲ. ಅವರಿಗೆ ಗುಂಪು ಫೋಟೋಗಳಿವೆ, ಹಳೆಯ ವಿದ್ಯಾರ್ಥಿನಿಯರ ಕೂಟಗಳಿವೆ, ‘ನಮ್ಮ ಕಾಲದಲ್ಲಿ’ ಎಂದು ಹೇಳಿದರೆ ಕೇಳುವ ಮೊಮ್ಮಕ್ಕಳಿದ್ದಾರೆ. ಕಟ್ಟಡ ಹೋಟೆಲಾದರೂ ಅವರ ಶಾಲೆ ಅವರ ಬಳಿಯೇ ಇದೆ.

ಕಳೆದುಕೊಂಡವರು ಎರಡನೆಯ ತರಗತಿಯವರು. ಶಾಲೆ ಬೇರೆ ಕಡೆಗೆ ಹೋಗಬಹುದು, ಹೋಯಿತು. ಆದರೆ ಆ ಬಾಗಿಲು ಹೋಗಲಾರದು. ಯಾವ ಹೊಸ ಬಡಾವಣೆಗೂ ಅದನ್ನು ಸಾಗಿಸುವ ಹಾಗಿಲ್ಲ. ತನ್ನ ಹುಟ್ಟಿದ ದಿನ ಗೊತ್ತಿಲ್ಲದ, ಹೆತ್ತವಳ ಹೆಸರು ಗೊತ್ತಿಲ್ಲದ ಹುಡುಗಿಗೆ ‘ನಾನು ಬಂದದ್ದು ಇಲ್ಲಿಂದ’ ಎಂದು ಬೆರಳು ಮಾಡಿ ತೋರಿಸಲು ಲೋಕದಲ್ಲಿ ಇದ್ದ ಜಾಗ ಅದೊಂದೇ. ಅವಳ ಬಸುರಿ ತಾಯಿ, ಅವಳನ್ನು ಎತ್ತಿ ತಂದ ಸೂಲಗಿತ್ತಿಯೋ ಅಜ್ಜಿಯೋ, ಅವಳನ್ನು ಒಳಗೆ ಎತ್ತಿಕೊಂಡ ಸಿಸ್ಟರು, ಈ ಎಲ್ಲ ಹೆಂಗಸರೂ ಒಂದು ಕ್ಷಣ ಕೂಡಿದ ಹೊಸ್ತಿಲು ಅದು. ರಾಜರು ಗೆದ್ದ ಕೋಟೆಬಾಗಿಲುಗಳನ್ನು ಚರಿತ್ರೆಯ ಪುಸ್ತಕಗಳು ಬಿಡದೆ ವರ್ಣಿಸುತ್ತವೆ. ಈ ಬಾಗಿಲಿನ ಎತ್ತರ ಅಷ್ಟಿಲ್ಲ. ಆದರೆ ಇದರ ಮೂಲಕ ಒಳಗೆ ಬಂದ ಜೀವಗಳ ಲೆಕ್ಕ ಯಾವ ಕೋಟೆಗೂ ಕಡಿಮೆಯಾಗದು.

ಪುಣ್ಯಕ್ಕೆ ಆ ಬಾಗಿಲನ್ನು ಯಾರೂ ಕಿತ್ತುಹಾಕಿಲ್ಲ. ಪಕ್ಕದಲ್ಲಿ ಅದರ ಕಥೆ ಹೇಳುವ ಫಲಕವೂ ಇದೆ. ಮಕ್ಕಳು ಮೊಮ್ಮಕ್ಕಳೆಂದು ಸಿಂಗಪುರಕ್ಕೆ ಹೋಗಿಬರುವ ಅಮ್ಮಂದಿರು ನಮ್ಮ ಊರುಗಳಲ್ಲಿ ಈಗ ಕಡಿಮೆಯೇನಿಲ್ಲ. ಹೋದಾಗ ನಿಮ್ಮವರು ಮುಸ್ತಫಾ ಅಂಗಡಿಗೆ ಕರೆದೊಯ್ಯುತ್ತಾರೆ, ಸೆಂಟೋಸಾಕ್ಕೆ ಕರೆದೊಯ್ಯುತ್ತಾರೆ, ಇಲ್ಲಿಗೂ ಒಂದು ಸಂಜೆ ಕರೆದೊಯ್ಯಬಹುದು. ಸಿಟಿ ಹಾಲ್ ಎಂಬ ರೈಲು ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟೇ ದೂರ. ಆದರೆ ಮೇಜು ಹಿಡಿಯುವ ಮುಂಚೆ ಒಂದು ಸುತ್ತು ಹಾಕಿ ವಿಕ್ಟೋರಿಯಾ ಸ್ಟ್ರೀಟಿನ ಕಡೆಯ ಗೋಡೆಯ ಬಳಿಗೆ ಹೋಗಿ. ಆ ಚಿಕ್ಕ ಬಾಗಿಲನ್ನು ನೋಡಿ. ಜೊತೆಯಲ್ಲಿ ಮೊಮ್ಮಗಳಿದ್ದರೆ ಅವಳಿಗೂ ತೋರಿಸಿ, ಈ ಕಥೆ ಹೇಳಿ. ಊಟ ಹತ್ತು ನಿಮಿಷ ತಡವಾದರೆ ತೊಂದರೆಯಿಲ್ಲ. ಅಡುಗೆಯವರು ರಾತ್ರಿ ಬಹಳ ಹೊತ್ತಿನವರೆಗೆ ಇರುತ್ತಾರೆ.